ಒಂದೇ ಕೋಣೆಗೆ ಹೊರಿಸಿದ ಅಪರಾಧ

ಪೋವಿಸ್ ಕೋಟೆ ಎಂದರೆ ನಮ್ಮವರ ಮಟ್ಟಿಗೆ ಒಂದು ಕೋಣೆ. ಇಂಗ್ಲೆಂಡಿನ ಶ್ರಾಪ್‌ಶೈರ್ ದಾಟಿ ವೇಲ್ಸ್ ಹೊಕ್ಕ ಕೂಡಲೇ ಸಿಗುವ ವೆಲ್ಶ್‌ಪೂಲ್ ಪೇಟೆಯ ಪಕ್ಕ, ಬಂಡೆಯೊಂದರ ಮೇಲೆ ನಿಂತಿರುವ ಕೆಂಪು ಕಲ್ಲಿನ ಕಟ್ಟಡ ಅದು. ಟಿಪ್ಪುವಿನ ಡೇರೆ, ಅವನ ಸಿಂಹಾಸನದ ಅಂಚಿನಲ್ಲಿದ್ದ ಚಿನ್ನದ ಹುಲಿತಲೆ, ಕತ್ತಿ, ಪಾದರಕ್ಷೆ ಎಲ್ಲ ಅಲ್ಲಿವೆ ಎಂದು ಗೊತ್ತಾದ ಮೇಲೆ ಬರ್ಮಿಂಗ್‌ಹ್ಯಾಮಿನಿಂದಲೋ ಮ್ಯಾಂಚೆಸ್ಟರಿನಿಂದಲೋ ಕಾರು ಹೊರಡುತ್ತದೆ. ಕ್ಲೈವ್ ಮ್ಯೂಸಿಯಂ ಎಂಬ ಆ ಕೋಣೆಯನ್ನು ಹೊಕ್ಕು, ಹಲ್ಲು ಕಚ್ಚಿ, ಎಲ್ಲವನ್ನೂ ದೋಚಿಕೊಂಡು ಬಂದಿದ್ದಾರೆ ಎಂದು ಒಂದು ಮಾತು ಹೇಳಿ ಹೊರಬರುತ್ತೇವೆ. ಆ ಮಾತು ಸುಳ್ಳಲ್ಲ. ಅಷ್ಟಕ್ಕೇ ನಿಂತುಬಿಟ್ಟರೆ ಮಾತ್ರ ಕೋಟೆಯನ್ನು ನೋಡಿದ ಹಾಗಾಗುವುದಿಲ್ಲ, ಅದನ್ನು ಕಟ್ಟಿ ಬೆಳೆಸಿದವರು ನಾವು ಹೇಗೆ ನೋಡಬೇಕೆಂದು ಬಯಸಿದ್ದರೋ ಹಾಗೆಯೇ ನೋಡಿದ ಹಾಗಾಗುತ್ತದೆ. ನನ್ನ ತಕರಾರು ಇರುವುದು ಇಲ್ಲಿ.

ಅದೇ ಹೊತ್ತಿಗೆ ಅದೇ ಕೋಟೆಯಲ್ಲಿ ಇನ್ನೊಂದು ಯಾತ್ರೆಯೂ ನಡೆದಿರುತ್ತದೆ. ಕೋಟೆಯನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟಿನ ಸದಸ್ಯತ್ವದ ಕಾರ್ಡು ಹಿಡಿದು ಬಂದ ಇಂಗ್ಲಿಷ್ ದಂಪತಿಗಳು ಮೊದಲು ತೋಟಕ್ಕೆ ಇಳಿಯುತ್ತಾರೆ. ಬಂಡೆ ಕಡಿದು ಮಾಡಿದ ಮಜಲುಮಜಲು ಜಗಲಿಗಳು, ಗೋಡೆಯೆತ್ತರಕ್ಕೆ ಉಬ್ಬಿನಿಂತ ಯೂ ಮರಗಳು, ಆಮೇಲೆ ಚಹಾ, ಸ್ಕೋನು. ಅವರಿಗೆ ಕ್ಲೈವ್ ಕೋಣೆ ಒಂದು ಸುಂದರ ಮನೆಗೆ ಆಕಸ್ಮಿಕವಾಗಿ ಅಂಟಿಕೊಂಡ ಮುಜುಗರ. ನಮಗೆ ತೋಟ, ಗ್ಯಾಲರಿ, ಮೆಟ್ಟಿಲುಗಳೆಲ್ಲ ಆ ಕೋಣೆಗೆ ಹೋಗುವ ದಾರಿ. ಎರಡೂ ಗುಂಪುಗಳ ನಡುವೆ ದೊಡ್ಡ ಜಗಳವಿದೆ ಎಂದು ಪತ್ರಿಕೆಗಳು ಹೇಳುತ್ತವೆ. ನನಗೆ ಕಾಣುವುದು ಒಪ್ಪಂದ: ಮನೆಯೇ ಬೇರೆ, ಲೂಟಿಯೇ ಬೇರೆ ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ವಿಲಿಯಂ ಡ್ಯಾಲ್ರಿಂಪಲ್ ತಮ್ಮ 'ದಿ ಅನಾರ್ಕಿ' (2019) ಪುಸ್ತಕದ ಆರಂಭದಲ್ಲಿ ಪೋವಿಸ್‌ನ ಬಗ್ಗೆ ಬರೆದು, ಭಾರತದ ಯಾವುದೇ ಒಂದು ಜಾಗದಲ್ಲಿ ಪ್ರದರ್ಶನಕ್ಕಿರುವುದಕ್ಕಿಂತ ಹೆಚ್ಚು ಮೊಘಲ್ ವಸ್ತುಗಳು ಇಲ್ಲಿವೆ ಎಂದರು. ಈಸ್ಟ್ ಇಂಡಿಯಾ ಕಂಪನಿಯ ಚರಿತ್ರೆಯನ್ನು ಅಷ್ಟು ಚೆನ್ನಾಗಿ ಹೇಳಿದವರು ಕಡಿಮೆ. ಆದರೆ ಓದುಗರ ತಲೆಯಲ್ಲಿ ಉಳಿದದ್ದು ಆ ಹೋಲಿಕೆಯೊಂದೇ, ಮತ್ತು ಅದು ಆ ಕೋಣೆಯ ಗೋಡೆಗಳನ್ನು ಇನ್ನಷ್ಟು ದಪ್ಪ ಮಾಡಿತು.

ನನ್ನ ವಾದ ಇಷ್ಟು. ಈ ಗಡಿಸೀಮೆಯ ಕೋಟೆಗಳಲ್ಲಿ ಬಹಳಷ್ಟು, ಬೇರೆಲ್ಲೋ ದುಡಿದ ಹೊಸ ದುಡ್ಡು ಹಳೆಯ ಮನೆತನದ ವೇಷ ಕಟ್ಟಿಕೊಳ್ಳಲು ಬಂದ ಜಾಗಗಳು. ಶ್ರೀರಂಗಪಟ್ಟಣದ, ಬಂಗಾಳದ ಸಂಪತ್ತು ಆ ಪದ್ಧತಿಯನ್ನು ಕೆಡಿಸಲಿಲ್ಲ, ಆ ಪದ್ಧತಿಗೇ ಸೇರಿಕೊಂಡಿತು.

ಇದು ಪೋವಿಸ್‌ಗೆ ನೇರವಾಗಿ ಹೋಗಿ ಬಂದರೆ ಕಾಣುವುದಿಲ್ಲ. ಬಿಷಪ್ಸ್ ಕಾಸಲ್ ಅಥವಾ ಕ್ಲನ್ ಕಡೆಯ ಯಾವುದಾದರೂ ಹೊಲಮನೆಯ ಗೆಸ್ಟ್‌ಹೌಸಿನಲ್ಲಿ ಕೆಲವು ದಿನ ಉಳಿಯಬೇಕು. ಇಂಥ ಮನೆಗಳ ಹಜಾರದಲ್ಲಿ ಸುತ್ತಲಿನ ಕೋಟೆ, ಬಂಗಲೆಗಳ ಕರಪತ್ರಗಳು ಒಂದು ಮರದ ಚೌಕಟ್ಟಿನಲ್ಲಿ ಸಾಲಾಗಿ ನಿಂತಿರುತ್ತವೆ: ಸ್ಟೋಕ್‌ಸೇ, ಲಡ್‌ಲೋ, ಮಾಂಟ್‌ಗೊಮರಿ, ಚರ್ಕ್, ಪೋವಿಸ್, ಆಟಿಂಗ್‌ಹ್ಯಾಮ್. ಎಲ್ಲವೂ ಸುಮಾರು ಒಂದು ಗಂಟೆಯ ದಾರಿ. ಪ್ರತಿಯೊಂದು ಕರಪತ್ರವೂ ತನ್ನ ಕೋಟೆಯನ್ನು ಒಂಟಿ ಅದ್ಭುತವೆಂದು ಮಾರುತ್ತದೆ. ಅವನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಬೇರೆಯೇ ಕಥೆ ಹೊರಡುತ್ತದೆ. ನಾನು ಸ್ಟೋಕ್‌ಸೇಯಿಂದ ಶುರುಮಾಡುತ್ತೇನೆ, ಏಕೆಂದರೆ ವೇಷ ಅಲ್ಲಿ ಅತ್ಯಂತ ತೆಳುವಾಗಿದೆ.

ಸ್ಟೋಕ್‌ಸೇಯನ್ನು ಕಟ್ಟಿಸಿದವನು ಸೇನಾಪತಿಯಲ್ಲ, ರಾಜನಲ್ಲ. ಲಾರೆನ್ಸ್ ಆಫ್ ಲಡ್‌ಲೋ ಉಣ್ಣೆ ವ್ಯಾಪಾರಿ. ತನ್ನ ಕಾಲದ ಇಂಗ್ಲೆಂಡಿನಲ್ಲಿ ಅತಿ ಶ್ರೀಮಂತ ಸೆಟ್ಟಿಗಳಲ್ಲಿ ಒಬ್ಬ, ದೊರೆಗಳಿಗೇ ಸಾಲ ಕೊಟ್ಟವನು. 1281ರಲ್ಲಿ ಈ ಜಾಗ ಕೊಂಡ. 1291ರಲ್ಲಿ ಗೋಡೆಗೆ ತೆನೆ ಕಟ್ಟಿಕೊಳ್ಳಲು ಮೊದಲನೆಯ ಎಡ್ವರ್ಡನಿಂದ ಪರವಾನಗಿ ಪಡೆದ. ಕೋಟೆಗೆ ಕಂದಕ ಇದೆ, ಗೋಪುರಗಳಿವೆ, ತೆನೆಗಳಿವೆ. ಅವುಗಳ ನಡುವಿನ ದೊಡ್ಡ ಹಜಾರಕ್ಕೆ ಮಾತ್ರ ಆಳೆತ್ತರ ಮೀರಿದ ಕಿಟಕಿಗಳು, ಹೊರಮೈಯಲ್ಲಿಯೂ. ಮುತ್ತಿಗೆಯ ಭಯವಿದ್ದವನು ಬೆಳಕಿಗಾಗಿ ಇಷ್ಟೊಂದು ಗೋಡೆ ಬಿಟ್ಟುಕೊಡುವುದಿಲ್ಲ. ಚಾರ್ಲ್ಸ್ ಕೌಲ್ಸನ್ ಅವರಂಥ ಇತಿಹಾಸಕಾರರು ಈ ಪರವಾನಗಿಗಳು ರಕ್ಷಣೆಗಿಂತ ಅಂತಸ್ತಿನ ಗುರುತು ಎಂದು ವಾದಿಸಿ ದಶಕಗಳಾದವು; ಆದರೂ ಕರಪತ್ರಗಳು ಸ್ಟೋಕ್‌ಸೇಯನ್ನು ಕೋಟೆಕಟ್ಟಿದ ಮನೆ ಎಂದೇ ಕರೆಯುತ್ತವೆ. ವೇಲ್ಸ್ ಗಡಿ ಅಪಾಯದ ಸೀಮೆಯಾಗಿತ್ತಲ್ಲ ಎಂಬ ಆಕ್ಷೇಪ ಬರಬಹುದು. ಬರಲಿ. 1282–83ರ ಯುದ್ಧದಲ್ಲಿ ಎಡ್ವರ್ಡ್ ವೇಲ್ಸನ್ನು ಗೆದ್ದ ಮೇಲೆ, ಅಪಾಯ ಕಡಿಮೆಯಾದ ಹೊತ್ತಿಗೇ, ಲಾರೆನ್ಸ್ ಪರವಾನಗಿ ಪಡೆದ. ಮುಂದೆ 17ನೇ ಶತಮಾನದ ಅಂತರ್ಯುದ್ಧದಲ್ಲಿ ನಿಜವಾದ ಸೈನ್ಯ ಬಂದು ಬಾಗಿಲಿಗೆ ನಿಂತಾಗ ಸ್ಟೋಕ್‌ಸೇ ಕಾದಾಡದೆ ಶರಣಾಯಿತು. ಅದಕ್ಕೆ ಸ್ವಲ್ಪ ಮೊದಲು ಕಟ್ಟಿದ ಅದರ ಹೆಬ್ಬಾಗಿಲ ಮನೆಯೂ ಮರದ್ದು, ಆದಾಮ ಮತ್ತು ಈವಳ ಕೆತ್ತನೆಯಿಂದ ಅಲಂಕೃತ.

ಲಾರೆನ್ಸನ ಕೊನೆ ಕರಪತ್ರಗಳಲ್ಲಿ ಮುಖ್ಯವಾಗುವುದಿಲ್ಲ. 1294ರಲ್ಲಿ ರಾಜನ ಯುದ್ಧದ ಖರ್ಚಿಗಾಗಿ ಉಣ್ಣೆಯ ಮೇಲೆ ಭಾರೀ ತೆರಿಗೆ ಬಿದ್ದಿತು. ಆ ಏರ್ಪಾಟಿನಲ್ಲಿ ಲಾರೆನ್ಸನ ಕೈಯಿತ್ತು. ತೆರಿಗೆಯ ಹೊರೆ ಕೊನೆಗೆ ಇಳಿದದ್ದು ಕುರಿ ಸಾಕುವವರ ಮೇಲೆ, ಏಕೆಂದರೆ ವ್ಯಾಪಾರಿಗಳು ಖರೀದಿ ಬೆಲೆ ತಗ್ಗಿಸಿದರು. ಅದೇ ವರ್ಷ ಉಣ್ಣೆ ಹೇರಿಕೊಂಡು ಹೊರಟ ಹಡಗು ಸಫೋಕ್ ಕರಾವಳಿಯಲ್ಲಿ ಮುಳುಗಿ ಲಾರೆನ್ಸ್ ಸತ್ತ. ಉಣ್ಣೆ ಬೆಳೆದವರಿಗೆ ಅವನು ಮಾಡಿದ ಪಾಪದ ಫಲ ಇದೆಂದು ಡನ್‌ಸ್ಟಬಲ್ ಮಠದ ವೃತ್ತಾಂತಕಾರ ಬರೆದಿಟ್ಟ. ಆ ಸನ್ಯಾಸಿಗೂ ಸ್ವಾರ್ಥವಿತ್ತು, ಮಠಗಳೂ ಉಣ್ಣೆ ಮಾರುತ್ತಿದ್ದವು. ಆದರೆ ಸಿಟ್ಟು ನಿಜ. ಇಂದು ಆ ಹಜಾರದಲ್ಲಿ ನಿಂತವರಿಗೆ ಮಧ್ಯಯುಗದ ಪ್ರಶಾಂತತೆ ಅನುಭವಕ್ಕೆ ಬರುತ್ತದಂತೆ. ನನಗೆ ಅಲ್ಲಿ ಕಾಣುವುದು ಕುರಿಯವರಿಗೆ ಇಳಿಸಿ ಕೊಟ್ಟ ಬೆಲೆ. ಇನ್ನೊಂದು ಸಂಗತಿ: ಪಾಳುಬೀಳಲಿದ್ದ ಈ ಕಟ್ಟಡವನ್ನು 1869ರಲ್ಲಿ ಕೊಂಡು ಉಳಿಸಿದವನು ಜಾನ್ ಡರ್ಬಿ ಆಲ್‌ಕ್ರಾಫ್ಟ್, ಲಂಡನ್ನಿನ ಕೈಗವಸು ತಯಾರಕ. ಅವನು ಉಳಿಯಲು ಮಾಡಿಕೊಂಡದ್ದು ಹತ್ತಿರದಲ್ಲೇ ಹೊಸದಾಗಿ ಕಟ್ಟಿಸಿದ ಸ್ಟೋಕ್‌ಸೇ ಕೋರ್ಟ್ ಎಂಬ ಭವ್ಯ ಬಂಗಲೆಯನ್ನು ('ಅಟೋನ್‌ಮೆಂಟ್' ಸಿನಿಮಾ ನೋಡಿದವರು ಆ ಮನೆಯನ್ನು ಕಂಡಿದ್ದಾರೆ). ಉಣ್ಣೆಯವನು ಕಟ್ಟಿದ್ದನ್ನು ಕೈಗವಸಿನವನು ಕಾಪಾಡಿದ. ವಂಶಪರಂಪರೆ ಎಂದು ನಾವು ತಲೆಬಾಗುವುದು ಎರಡು ಅಂಗಡಿಗಳ ನಡುವಿನ ಕೈಬದಲಿಗೆ.

ಚರ್ಕ್‌ನಲ್ಲಿ ಹೆಚ್ಚು ನಿಲ್ಲುವುದಿಲ್ಲ. ಮಾರ್ಟಿಮರ್ ಮನೆತನದ ಆ ದಪ್ಪ ಗೋಪುರಗಳು ನಿಜವಾಗಿಯೂ ಯುದ್ಧಕ್ಕೆ ಕಟ್ಟಿದವು, ಅಲ್ಲಿ ನನ್ನ ವಾದ ಸ್ವಲ್ಪ ಸೋಲುತ್ತದೆ. ಆದರೆ 1595ರಲ್ಲಿ ಅದನ್ನು 5,000 ಪೌಂಡಿಗೆ ಕೊಂಡ ಥಾಮಸ್ ಮಿಡಲ್ಟನ್ ಲಂಡನ್ನಿನ ವರ್ತಕ. ಸ್ಪ್ಯಾನಿಷ್ ಹಡಗುಗಳನ್ನು ದೋಚುವ ಯಾನಗಳಿಗೆ ಬಂಡವಾಳ ಹೂಡಿದವನು, ಐದು ವರ್ಷಗಳ ನಂತರ ಹುಟ್ಟಿದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಪಾಲುದಾರರಲ್ಲಿ ಒಬ್ಬ. ಎಂದರೆ ರಾಬರ್ಟ್ ಕ್ಲೈವ್ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮೊದಲೇ ಕಂಪನಿಯ ಪಾಲುದಾರನೊಬ್ಬನ ಕೈಯಲ್ಲಿ ಈ ಗಡಿಯ ಒಂದು ಕೋಟೆ ಇತ್ತು.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಪೋವಿಸ್‌ಗೆ ಬರೋಣ. ವೇಲ್ಸ್‌ನ ಕೋಟೆ ಎಂದ ಮಾತ್ರಕ್ಕೆ ಇಂಗ್ಲಿಷರು ಗೆದ್ದು ಕಟ್ಟಿದ್ದು ಎಂಬ ರೂಢಿಯ ಮಾತು ಇಲ್ಲಿ ಹೊಂದುವುದೇ ಇಲ್ಲ. ಇದನ್ನು 13ನೇ ಶತಮಾನದಲ್ಲಿ ಕಟ್ಟಿದವನು ಗ್ರುಫಿಡ್ ಅಪ್ ಗ್ವೆನ್‌ವಿನ್ವಿನ್, ವೇಲ್ಸ್‌ನದೇ ರಾಜ. ತನ್ನ ನೆಲದ ಪ್ರಬಲ ದೊರೆ ಲೆವೆಲಿನ್‌ನ ವಿರುದ್ಧ ಇಂಗ್ಲೆಂಡಿನ ಎಡ್ವರ್ಡನ ಪಕ್ಷ ಸೇರಿ ತನ್ನ ಸೀಮೆ ಉಳಿಸಿಕೊಂಡ. ಅವನ ಮಗ ರಾಜಪದವಿ ಬಿಟ್ಟು ಇಂಗ್ಲಿಷ್ ಬ್ಯಾರನ್ ಆದ. ದಕ್ಷಿಣ ಭಾರತದ ಚರಿತ್ರೆ ಓದಿದವರಿಗೆ ಈ ಲೆಕ್ಕಾಚಾರ ಹೊಸದಲ್ಲ. 1587ರಲ್ಲಿ ಎಡ್ವರ್ಡ್ ಹರ್ಬರ್ಟ್ ಇದನ್ನು ಕ್ರಯಕ್ಕೆ ಕೊಂಡ. ಉದ್ದನೆಯ ಗ್ಯಾಲರಿಯ ಗಾರೆ ಕೆಲಸಕ್ಕೆ 1593ರ ತಾರೀಖಿದೆ. ತೋಟದ ಜಗಲಿಗಳು 17ನೇ ಶತಮಾನದ ಕೊನೆಯವು.

ಇಲ್ಲಿಯೇ ನನ್ನ ವಾದಕ್ಕೆ ಅತಿ ಬಲವಾದ ಪ್ರತಿವಾದ ನಿಂತಿದೆ. ಬಂಡೆ, ಗೋಪುರ, ಗ್ಯಾಲರಿ, ತೋಟ ಎಲ್ಲವೂ ಪ್ಲಾಸಿ ಕದನಕ್ಕಿಂತ ಹಳೆಯವು. ಹಾಗಿರುವಾಗ ಭಾರತದ ದುಡ್ಡು ಈ ಮನೆಯನ್ನು ಕಟ್ಟಿತು ಎಂದು ಹೇಳುವುದು ಹೇಗೆ? ಹೇಳಲಾಗುವುದಿಲ್ಲ, ನಾನೂ ಹೇಳುತ್ತಿಲ್ಲ. ಕಟ್ಟುವುದು ಮನೆಯ ಆಯುಷ್ಯದಲ್ಲಿ ಒಂದು ಘಟ್ಟ ಮಾತ್ರ. ಉಳಿಯುವುದು ಇನ್ನೊಂದು, ಮತ್ತು ಅದೇ ದುಬಾರಿ. 18ನೇ ಶತಮಾನದ ಕೊನೆಯ ಹೊತ್ತಿಗೆ ಹರ್ಬರ್ಟರು ಸಾಲದಲ್ಲಿದ್ದರು, ಕೋಟೆ ಸೊರಗಿತ್ತು. ಇತ್ತ ಶ್ರಾಪ್‌ಶೈರಿನ ಸ್ಟೈಚ್ ಎಂಬ ಸಾಧಾರಣ ಜಮೀನುಮನೆಯಲ್ಲಿ 1725ರಲ್ಲಿ ಹುಟ್ಟಿದ ರಾಬರ್ಟ್ ಕ್ಲೈವ್, ಪ್ಲಾಸಿಯ ನಂತರ ಬಂಗಾಳದ ನವಾಬ ಮೀರ್ ಜಾಫರನಿಂದ 2,34,000 ಪೌಂಡು ಪಡೆದು, ಮೇಲೆ ವರ್ಷಕ್ಕೆ 27,000 ಪೌಂಡಿನ ಜಾಗೀರು ಇಟ್ಟುಕೊಂಡು ಊರಿಗೆ ಮರಳಿದ್ದ. ಅವನು ಮಾಡಿದ್ದೇನು? ಶ್ರೂಸ್‌ಬರಿಯ ಪಾರ್ಲಿಮೆಂಟ್ ಸೀಟು ಹಿಡಿದ, 1762ರಲ್ಲಿ ಅದರ ಮೇಯರ್ ಆದ, 1763ರಲ್ಲಿ ಬಿಷಪ್ಸ್ ಕಾಸಲ್ ಬಳಿಯ ವಾಲ್‌ಕಾಟ್ ಬಂಗಲೆ ಕೊಂಡು ವಾಸ್ತುಶಿಲ್ಪಿ ವಿಲಿಯಂ ಚೇಂಬರ್ಸ್‌ನಿಂದ ಹೊಸದು ಮಾಡಿಸಿದ. ಲಾರೆನ್ಸ್ ಮಾಡಿದ್ದೂ ಇಂಥದ್ದೇ, ಮಿಡಲ್ಟನ್ ಮಾಡಿದ್ದೂ ಇಂಥದ್ದೇ.

1774ರಲ್ಲಿ ರಾಬರ್ಟ್ ಸತ್ತ. 1784ರಲ್ಲಿ ಅವನ ಮಗ ಎಡ್ವರ್ಡ್ ಕ್ಲೈವ್ ಪೋವಿಸ್‌ನ ಹೆನ್ರಿಯೆಟಾ ಹರ್ಬರ್ಟಳನ್ನು ಮದುವೆಯಾದ. ಹಣವಿದ್ದ ಕಡೆ ಹೆಸರಿರಲಿಲ್ಲ, ಹೆಸರಿದ್ದ ಕಡೆ ಹಣವಿರಲಿಲ್ಲ. 1801ರಲ್ಲಿ ಹೆನ್ರಿಯೆಟಾಳ ಅಣ್ಣ ಮದುವೆಯಿಲ್ಲದೆ ತೀರಿಕೊಂಡ, ಆಸ್ತಿ ಅವಳ ಮಗನ ದಿಕ್ಕಿಗೆ ಹರಿಯಿತು. 1804ರಲ್ಲಿ, ಮದರಾಸಿನ ಗವರ್ನರಗಿರಿ ಮುಗಿಸಿ ಬಂದ ಎಡ್ವರ್ಡ್ ಕ್ಲೈವನಿಗೆ ಪೋವಿಸ್‌ನ ಅರ್ಲ್ ಪದವಿ ದೊರೆಯಿತು. 1807ರಲ್ಲಿ ಮಗ ಕ್ಲೈವ್ ಎಂಬ ಅಡ್ಡಹೆಸರನ್ನು ಬಿಟ್ಟು ಹರ್ಬರ್ಟ್ ಆದ. ಆಸ್ತಿ ಪಡೆಯಲು ಅದು ಷರತ್ತಾಗಿತ್ತು. ಪೋವಿಸ್‌ನ ಇಡೀ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ದಾಖಲೆ ಇದು, ಹುಲಿತಲೆಗಿಂತಲೂ. ಪ್ಲಾಸಿಯ ದುಡ್ಡು ಕಾನೂನುಬದ್ಧವಾಗಿ ಇನ್ನೂರು ವರ್ಷ ಹಳೆಯದಾಯಿತು. 1815ರ ನಂತರ ವಾಸ್ತುಶಿಲ್ಪಿ ರಾಬರ್ಟ್ ಸ್ಮರ್ಕ್ ಬಂದು ಕೋಟೆಯನ್ನು ದುರಸ್ತಿ ಮಾಡಿದಾಗ ಹಣ ಕೊಟ್ಟದ್ದು ಹರ್ಬರ್ಟ್ ಎಂಬ ಹೆಸರಿನ ಕ್ಲೈವ್.

ಲಡ್‌ಲೋ ಕೋಟೆಗೆ ಹೋದವರು ರಾಜಕುಮಾರ ಆರ್ಥರ್ 1502ರಲ್ಲಿ ಸತ್ತ ಜಾಗವನ್ನೂ 1634ರಲ್ಲಿ ಮಿಲ್ಟನ್ನನ 'ಕೋಮಸ್' ಆಡಿದ ಹಜಾರವನ್ನೂ ಹುಡುಕುತ್ತಾರೆ. ನಾನು ಹುಡುಕುವುದು 1811. ಆ ವರ್ಷ ಸರ್ಕಾರದಿಂದ 1,560 ಪೌಂಡಿಗೆ ಆ ಪಾಳುಕೋಟೆಯನ್ನು ಕೊಂಡವನು ಇದೇ ಎಡ್ವರ್ಡ್ ಕ್ಲೈವ್. ಇವತ್ತಿಗೂ ಅದು ಪೋವಿಸ್ ಎಸ್ಟೇಟಿನದು. ಅಲ್ಲಿ ಟಿಪ್ಪುವಿನ ಒಂದು ಗುಂಡಿಯೂ ಇಲ್ಲ, ಹಾಗಾಗಿ ನಮ್ಮವರ ಕಾರು ಅಲ್ಲಿ ನಿಲ್ಲುವುದಿಲ್ಲ. ಒಂದೇ ಕೋಣೆಯ ಓದಿನ ನಷ್ಟ ಇದೇ: ವಸ್ತು ಕಾಣದ ಕಡೆ ಚರಿತ್ರೆಯೂ ಕಾಣುವುದಿಲ್ಲ.

ಹಾಗಾದರೆ ಆ ಕೋಣೆಯನ್ನು ಏನು ಮಾಡುವುದು? ಮೊದಲು, ನೋಡುವುದು. ಲೂಟಿ ಎಂದು ಹೇಳಿದ ಮರುಕ್ಷಣ ನಾವು ನೋಡುವುದನ್ನು ನಿಲ್ಲಿಸುತ್ತೇವೆ ಎಂಬುದು ನನ್ನ ಇನ್ನೊಂದು ಆಕ್ಷೇಪ. 1987ರಲ್ಲಿ ತೆರೆದ ಈ ಮ್ಯೂಸಿಯಮ್ಮಿನಲ್ಲಿ ಅತಿ ದೊಡ್ಡ ವಸ್ತು ಆ ಡೇರೆ. ಬಿಳಿ ಹತ್ತಿಬಟ್ಟೆಯ ಮೇಲೆ ಕಮಾನಿನ ಸಾಲು, ಪ್ರತಿ ಕಮಾನಿನಲ್ಲೂ ಹೂಜಿ, ಹೂಜಿಯಿಂದ ಎದ್ದ ಕೆಂಪು, ಹಸಿರು ಹೂಬಳ್ಳಿ. ತಜ್ಞರು ಅದನ್ನು 1725–50ರ ನಡುವಿನದೆಂದು ಹೇಳುತ್ತಾರೆ; ಎಂದರೆ ಟಿಪ್ಪು ಹುಟ್ಟುವುದಕ್ಕೂ ಮೊದಲಿನದು. ಬಟ್ಟೆಗೆ ಬಣ್ಣ ಕಚ್ಚಿಸುವ, ತೊಳೆದರೂ ಹೋಗದ ಈ ವಿದ್ಯೆಗೆ ಹೆದರಿಯೇ ಇಂಗ್ಲೆಂಡ್ 1700ರಲ್ಲಿ ಹೂವಿನ ಹತ್ತಿಬಟ್ಟೆಯ ಆಮದನ್ನು ನಿಷೇಧಿಸಿತು. 1721ರ ಕಾಯಿದೆ ಅದನ್ನು ಉಡುವುದನ್ನೂ ನಿಷೇಧಿಸಿತು, ಆ ನಿಷೇಧ 1774ರವರೆಗೆ ನಡೆಯಿತು. ನಿಷೇಧಕ್ಕೆ ಒತ್ತಡ ಹೇರಿದ್ದು ಉಣ್ಣೆ ಮತ್ತು ರೇಷ್ಮೆ ನೇಕಾರರ ಹಿತಾಸಕ್ತಿ. ಸ್ಟೋಕ್‌ಸೇಯನ್ನು ಕಟ್ಟಿದ ಉಣ್ಣೆ, ಪೋವಿಸ್‌ನಲ್ಲಿ ತೂಗುವ ಹತ್ತಿ: ಇವೆರಡರ ಹಳೆಯ ಜಗಳದ ಪುರಾವೆಗಳು ಒಂದೇ ದಿನದ ಓಡಾಟದಲ್ಲಿ ಸಿಗುತ್ತವೆ. ಒಂದು ಟಿಕೆಟ್ಟು ಇಂಗ್ಲಿಷ್ ಹೆರಿಟೇಜಿನದು, ಇನ್ನೊಂದು ನ್ಯಾಷನಲ್ ಟ್ರಸ್ಟಿನದು. ಹಾಗಾಗಿ ಇವೆರಡೂ ಒಂದೇ ಪುಟದಲ್ಲಿ ಬರುವುದಿಲ್ಲ. ಆ ಡೇರೆಯನ್ನು ಪೋವಿಸ್‌ನವರು ತಂದ ಮೇಲೆ ಏನು ಮಾಡಿದರು? ಹುಲ್ಲುಹಾಸಿನ ಮೇಲೆ ಮದುವೆಮನೆಯ ಚಪ್ಪರದಂತೆ ಎತ್ತಿ ಗಾರ್ಡನ್ ಪಾರ್ಟಿ ನಡೆಸಿದರು. ಆ ವಿವರ ಕೇಳಿ ನಮ್ಮವರಿಗೆ ರಕ್ತ ಕುದಿಯುತ್ತದೆ. ನನಗೆ ಅದು ಪೋವಿಸ್‌ನ ಅತಿ ಪ್ರಾಮಾಣಿಕ ಗಳಿಗೆ. ಆಗ ಡೇರೆ ಮನೆಯ ಬದುಕಿನೊಳಗೇ ಇತ್ತು, ಯಾರೂ ಅದನ್ನು ಬೇರೆ ಕೋಣೆಗೆ ಹಾಕಿರಲಿಲ್ಲ.

ಹೆನ್ರಿಯೆಟಾಳ ಬಗ್ಗೆಯೂ ಒಂದು ಮಾತು. 4 ಮೇ 1799ರಂದು ಶ್ರೀರಂಗಪಟ್ಟಣ ಬಿದ್ದಾಗ ಗಂಡ ಮದರಾಸಿನ ಗವರ್ನರ್. ಮರುವರ್ಷ ಅವಳು ಇಬ್ಬರು ಹೆಣ್ಣುಮಕ್ಕಳನ್ನೂ, ಚಿತ್ರಕಾರ್ತಿ ಅನ್ನಾ ಟೊನೆಲ್ಲಿಯನ್ನೂ ಕರೆದುಕೊಂಡು ಮದರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣ ಎಂದು ತಿಂಗಳುಗಟ್ಟಲೆ ತಿರುಗಿದಳು. ಪರ್ಷಿಯನ್ ಕಲಿತಳು, ಗಿಡ, ಕಲ್ಲು, ಚಿಪ್ಪು ಕೂಡಿಟ್ಟಳು. ಇತ್ತೀಚೆಗೆ ಅವಳನ್ನು ಕುತೂಹಲದ, ಸೂಕ್ಷ್ಮ ಮನಸ್ಸಿನ ಪ್ರವಾಸಿಯೆಂದು ಮೆಚ್ಚುವ ಬರವಣಿಗೆ ಬಂದಿದೆ. ಮೆಚ್ಚುಗೆ ನ್ಯಾಯವಾದದ್ದೇ. ಆದರೆ ಆ ಕುತೂಹಲ ನಡೆದದ್ದು ಸೋತವನ ಹೆಣ ಮಣ್ಣಾಗಿ ಸುಮಾರು ಒಂದು ವರ್ಷವಷ್ಟೇ ಕಳೆದಿದ್ದ ಊರುಗಳ ಕಡೆಗೆ. ಕೊಂಡದ್ದು, ಉಡುಗೊರೆ ಬಂದದ್ದು, ದೋಚಿದ್ದು ಎಂಬ ಮೂರು ಬಗೆಯನ್ನು ಅಂಥ ಹೊತ್ತಿನಲ್ಲಿ ಬೇರ್ಪಡಿಸಲು ಹೊರಡುವ ಕ್ಯುರೇಟರುಗಳ ಶ್ರಮ ನನಗೆ ಅರ್ಥವಾಗುತ್ತದೆ, ನೆಮ್ಮದಿ ಕೊಡುವುದಿಲ್ಲ.

ಸೆಪ್ಟೆಂಬರ್ 2020ರಲ್ಲಿ ನ್ಯಾಷನಲ್ ಟ್ರಸ್ಟ್ ವಸಾಹತು ಮತ್ತು ಗುಲಾಮಗಿರಿಯ ನಂಟಿರುವ ತನ್ನ 93 ಆಸ್ತಿಗಳ ವರದಿ ಹೊರತಂದಾಗ ಎದ್ದ ಗದ್ದಲ ಗೊತ್ತೇ ಇದೆ. ಸಂಪ್ರದಾಯವಾದಿ ಸಂಸದರು ದೇಶದ್ರೋಹವೆಂಬಂತೆ ಕೂಗಾಡಿದರು, ಪ್ರಗತಿಪರರು ಧೈರ್ಯವೆಂದು ಹೊಗಳಿದರು. ಕೂಗಾಡಿದವರ ಬಗ್ಗೆ ಹೇಳಲು ಹೆಚ್ಚಿಲ್ಲ. ಹೊಗಳಿದವರ ಜೊತೆ ನನ್ನ ಜಗಳ ಇದೆ. 93 ಎಂದು ಪಟ್ಟಿ ಮಾಡಿದ ಕ್ಷಣವೇ ಉಳಿದವು ಶುದ್ಧವೆಂಬ ಸೂಚನೆ ಹೊರಟಿತು. ಕ್ಲೈವ್ ಕೋಣೆ ಒಂದು ಮನೆಯೊಳಗೆ ಮಾಡುವುದನ್ನೇ ಆ ಪಟ್ಟಿ ಇಡೀ ದೇಶದ ಮಟ್ಟಿಗೆ ಮಾಡಿತು. ವರದಿ ಬರೆದ ವಿದ್ವಾಂಸರು ಹಾಗೆ ಉದ್ದೇಶಿಸಿರಲಿಲ್ಲ, ಅವರ ಕೆಲಸ ಅಮೂಲ್ಯ. ಆದರೆ ಪಟ್ಟಿ ಎಂಬ ರೂಪ ಅವರ ಉದ್ದೇಶವನ್ನು ಮೀರಿತು.

ನಮ್ಮ ಕಡೆಯವರಿಗೂ ಇದೇ ನಿಷ್ಠುರ ಸಲ್ಲಬೇಕು. 2015ರಿಂದ 2019ರವರೆಗೆ ಟಿಪ್ಪು ಜಯಂತಿಯ ಹೆಸರಿನಲ್ಲಿ ಕರ್ನಾಟಕ ಎರಡಾಗಿ ಕಿತ್ತಾಡಿತು. ಅವನನ್ನು ವೀರನೆನ್ನುವವರೂ ಕ್ರೂರಿಯೆನ್ನುವವರೂ ಪೋವಿಸ್‌ಗೆ ಬಂದರೆ ಅದೇ ಗಾಜಿನ ಮುಂದೆ ನಿಂತು ಅದೇ ಹುಲಿತಲೆಯನ್ನು ನೋಡುತ್ತಾರೆ. ಟಿಪ್ಪುವನ್ನು ಕಡು ದ್ವೇಷಿಸುವವರಿಗೂ ಅವನ ಕತ್ತಿ 'ನಮ್ಮದು'. 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಅವನ ಒಂದು ಕತ್ತಿ 1.4 ಕೋಟಿ ಪೌಂಡಿಗೆ ಹೋಯಿತು ಎಂಬ ಸುದ್ದಿಗೆ ಇಲ್ಲಿ ಎದ್ದದ್ದು ಹೆಮ್ಮೆ. ವಸ್ತುವಿನ ಬೆಲೆಯೇ ವಸ್ತುವಿನ ಚರಿತ್ರೆ ಎಂಬಷ್ಟು ಸುಲಭವಾಗಿ ನಾವೂ ಆ ಮಾರುಕಟ್ಟೆಯ ಭಾಷೆ ಕಲಿತಿದ್ದೇವೆ.

ಡೇರೆ ಮರಳಿ ಬರಬೇಕೆ? ಬರಬೇಕು ಎನ್ನುವವರ ಜೊತೆ ನಾನಿದ್ದೇನೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮುಖ್ಯ ಅರಮನೆ ಉಳಿದಿಲ್ಲ, ಅದರ ಮರ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋಯಿತು ಎನ್ನುತ್ತಾರೆ. ಆದರೂ ದರಿಯಾ ದೌಲತ್ ಇದೆ, ಸೂಕ್ಷ್ಮವಾದ ಹತ್ತಿಬಟ್ಟೆಗೆ ಬೇಕಾದ ಮಂದ ಬೆಳಕು, ಹದವಾದ ಗಾಳಿ ಒದಗಿಸುವುದು ಅಸಾಧ್ಯವಲ್ಲ. ಆದರೆ ಡೇರೆ ಬಂದ ಮೇಲೆ ಲೆಕ್ಕ ಚುಕ್ತಾ ಆಯಿತೆಂದು ಅಲ್ಲಿಯವರೂ ಇಲ್ಲಿಯವರೂ ನಿಟ್ಟುಸಿರು ಬಿಡಬಾರದು. ಆ ದಿನ ಪೋವಿಸ್‌ನ ಆ ಕೋಣೆ ಖಾಲಿಯಾಗಿ, ಉಳಿದ ಮನೆ ಯಾವ ಮುಜುಗರವೂ ಇಲ್ಲದೆ ಬರೀ ಸುಂದರವಾಗಿಬಿಡುವ ಅಪಾಯವಿದೆ. ಹಾಗಾಗಿ ನಾನು ಕೇಳುವುದು ಇನ್ನೂ ಸಣ್ಣ, ಇನ್ನೂ ಕಷ್ಟದ ಸಂಗತಿ: ಲಡ್‌ಲೋದಲ್ಲಿ ಕೋಟೆಯ ಚರಿತ್ರೆ ಹೇಳುವವರು 1502, 1634ರ ಜೊತೆ 1811ನ್ನೂ 1,560 ಪೌಂಡನ್ನೂ ಅಷ್ಟೇ ದೊಡ್ಡ ದನಿಯಲ್ಲಿ ಹೇಳಲಿ, ಪೋವಿಸ್‌ನ ಗೈಡು ಉದ್ದ ಗ್ಯಾಲರಿಯಲ್ಲಿ ನಿಂತೇ 1807ರ ಹೆಸರು ಬದಲಾವಣೆಯ ಕಥೆ ಹೇಳಲಿ, ಬರ್ಮಿಂಗ್‌ಹ್ಯಾಮಿನಿಂದ ಹೊರಟ ನಮ್ಮ ಕಾರು ಮೊದಲು ಕುರಿಗಳ ನಡುವಿನ ಸ್ಟೋಕ್‌ಸೇಗೆ ಹೋಗಲಿ.